ಪರೀಕ್ಷಾ ಶುಲ್ಕದ ಮೇಲೆ ನಿಂತ ವಿಶ್ವವಿದ್ಯಾಲಯ

ಪತ್ರದ ಸಾರ: "ಮಗಳು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಕಾಲೇಜನ್ನು ಹೊಸ ವಿಶ್ವವಿದ್ಯಾಲಯಕ್ಕೆ ಸೇರಿಸಿದರು, ಈಗ ಅದನ್ನೇ ಮುಚ್ಚುತ್ತಾರೆ ಎಂಬ ಮಾತಿದೆ. ಭೌತಶಾಸ್ತ್ರಕ್ಕೆ ಇರುವವರೆಲ್ಲ ಅತಿಥಿ ಉಪನ್ಯಾಸಕರು. ಕಳೆದ ಸೆಮಿಸ್ಟರಿನ ಒಂದು ವಿಷಯದ ಫಲಿತಾಂಶ ‘ತಡೆಹಿಡಿಯಲಾಗಿದೆ’ ಎಂದು ಬಂದು ಎರಡು ತಿಂಗಳಾಯಿತು. ಹೊರದೇಶಗಳಲ್ಲೂ ಹೀಗೆಯೇ? ಸಾಲ ಮಾಡಿಯಾದರೂ ಎಂ.ಎಸ್ಸಿ.ಗೆ ಬ್ರಿಟನ್ನಿಗೆ ಕಳಿಸುವುದು ಮೇಲಲ್ಲವೇ?" — ಹೆಸರು ಬೇಡವೆಂದ ಓದುಗರು

ಮಾನ್ಯರೇ,

ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೆ ಮೊದಲು ಉತ್ತರ. ವಿಶ್ವವಿದ್ಯಾಲಯ ಮುಚ್ಚಿದರೂ ಅದು ಕೊಟ್ಟ ಪದವಿ ಬಿದ್ದುಹೋಗುವುದಿಲ್ಲ. ಶಾಸನಸಭೆಯ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಪದವಿ ಕೊಡುವ ಹಕ್ಕು 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನಿಂದ ಬರುತ್ತದೆ. ಆ ಹಕ್ಕು ಇದ್ದಾಗ ಕೊಟ್ಟ ಪದವಿ ಮುಂದೆಯೂ ಪದವಿಯೇ. ತೊಡಕಾಗುವುದು ದಾಖಲೆಗಳಲ್ಲಿ. ಐದು ವರ್ಷದ ನಂತರ ಯಾರೋ ಅಂಕಪಟ್ಟಿಯನ್ನು ದೃಢೀಕರಿಸಿ ಕೊಡಿ ಎಂದಾಗ ಆ ಕಡತ ಯಾವ ಕಟ್ಟಡದಲ್ಲಿದೆ ಎಂಬುದೇ ತಿಳಿಯದ ಸ್ಥಿತಿ ಬರಬಹುದು. ಆದ್ದರಿಂದ ಪ್ರತಿ ಸೆಮಿಸ್ಟರಿನ ಅಂಕಪಟ್ಟಿ ಡಿಜಿಲಾಕರಿಗೆ ಬಂದಿದೆಯೇ ನೋಡಿ. ಮೂರು ವರ್ಷದ ಪಠ್ಯಕ್ರಮದ ಪ್ರತಿಗೆ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ ಮನೆಯಲ್ಲಿಡಿ.

ಇನ್ನು ಹೀಗೇಕೆ ಎಂಬ ಪ್ರಶ್ನೆ. ಯಾವ ದೇಶದ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ, ಅದರ ಅನ್ನ ಎಲ್ಲಿಂದ ಬರುತ್ತದೋ ಅದರ ಕಾಯಿಲೆಯೂ ಅಲ್ಲಿಂದಲೇ ಬರುತ್ತದೆ.

ನಮ್ಮಲ್ಲಿ ಆ ಅನ್ನ ಬಹುಪಾಲು ಪರೀಕ್ಷೆಯದು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದಾಗ ಅಂದಿನ ಲಂಡನ್ ವಿಶ್ವವಿದ್ಯಾಲಯವೇ ಮಾದರಿ. ಪಾಠ ಮಾಡುವುದು ಕಾಲೇಜು. ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯ. ಇಂಗ್ಲೆಂಡ್ ಆ ಪದ್ಧತಿಯಿಂದ ಎಂದೋ ಹೊರಬಂತು. ಲಂಡನ್ ಪದವಿಗೆ ಹುಡುಗರನ್ನು ತಯಾರು ಮಾಡುತ್ತಿದ್ದ ನಾಟಿಂಗ್‌ಹ್ಯಾಮ್ 1948ರಲ್ಲಿ, ಸೌತಾಂಪ್ಟನ್ 1952ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯಗಳಾದವು. ನಾವು ಸಂಯೋಜನೆಯ ಆ ಚೌಕಟ್ಟನ್ನೇ ಇಟ್ಟುಕೊಂಡು ಅದರೊಳಗೆ ಕಾಲೇಜುಗಳನ್ನು ತುಂಬುತ್ತ ಬಂದೆವು. ಕೇಂದ್ರ ಸರ್ಕಾರ ನೇಮಿಸಿದ ಕೊಠಾರಿ ಶಿಕ್ಷಣ ಆಯೋಗ 1966ರಲ್ಲೇ ಸ್ವಾಯತ್ತ ಕಾಲೇಜುಗಳ, ಎಂದರೆ ತಮ್ಮ ಪರೀಕ್ಷೆ ತಾವೇ ನಡೆಸುವ ಕಾಲೇಜುಗಳ, ಮಾತಾಡಿತ್ತು. ನಿಮ್ಮ ಮಗಳ ಕಾಲೇಜಿನಂಥವುಗಳ ಹತ್ತಿರಕ್ಕೂ ಅದು ಬರಲಿಲ್ಲ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಅಂದಾಜಿನವು, ಆದರೆ ಪ್ರಮಾಣ ತಿಳಿಯುತ್ತದೆ. ಜಿಲ್ಲಾ ಮಟ್ಟದ ಹೊಸ ವಿಶ್ವವಿದ್ಯಾಲಯದಲ್ಲಿ 10,000 ವಿದ್ಯಾರ್ಥಿಗಳು, ಪರೀಕ್ಷಾ ಶುಲ್ಕ ಸೆಮಿಸ್ಟರಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2 ಕೋಟಿ. ಏಳನೇ ವೇತನ ಶ್ರೇಣಿಯಲ್ಲಿ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ ತಿಂಗಳಿಗೆ 1,44,200 ರೂಪಾಯಿ, ವರ್ಷಕ್ಕೆ 17 ಲಕ್ಷ ದಾಟುತ್ತದೆ. ತುಟ್ಟಿಭತ್ಯೆ ಬಿಟ್ಟರೂ ಆ 2 ಕೋಟಿಯಲ್ಲಿ ಹನ್ನೊಂದು ಪ್ರಾಧ್ಯಾಪಕರಿಗೆ ಸಂಬಳ ಕೊಟ್ಟರೆ ಖಜಾನೆ ಖಾಲಿ. ಪ್ರಶ್ನೆಪತ್ರಿಕೆ ಮುದ್ರಣ, ಮೌಲ್ಯಮಾಪಕರ ಭತ್ಯೆ, ಕರೆಂಟು ಬಿಲ್ಲು ಯಾವುದಕ್ಕೂ ಉಳಿಯುವುದಿಲ್ಲ. ಇದ್ದ ಸ್ನಾತಕೋತ್ತರ ಕೇಂದ್ರಗಳಿಗೆ ವಿಶ್ವವಿದ್ಯಾಲಯದ ಫಲಕ ಹಾಕಿದ್ದು ಸುಲಭದ ಕೆಲಸ. ಹಾಸನದ ಹೇಮಗಂಗೋತ್ರಿ, ಕೊಡಗಿನ ಚಿಕ್ಕ ಅಳುವಾರ ಇವೆಲ್ಲ ಹಾಗೆಯೇ ಬದಲಾದವು. ಕಾಯಂ ಹುದ್ದೆ, ಅನುದಾನ ಮಾತ್ರ ಫಲಕದ ಹಿಂದೆ ಬರಲಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯದ ಸಂಪುಟ ಉಪಸಮಿತಿಯೊಂದು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವತ್ತ ಒಲವು ತೋರಿದ್ದು ಈ ಕಾರಣಕ್ಕೇ. ಹಳೆಯ ವಿಶ್ವವಿದ್ಯಾಲಯಗಳ ಗತಿಯೂ ಒಳ್ಳೆಯದಲ್ಲ. ಕಾಲೇಜುಗಳು ಹೊಸದಕ್ಕೆ ಹೋದವು, ಅವುಗಳ ಶುಲ್ಕವೂ ಹೋಯಿತು, ಪಿಂಚಣಿದಾರರು ಹಳೆಯದರಲ್ಲೇ ಉಳಿದರು.

ನಿಮ್ಮ ಮಗಳ ಉತ್ತರಪತ್ರಿಕೆ ಸಿಕ್ಕಿಕೊಂಡಿರುವುದೂ ಇದೇ ಸಿಕ್ಕಿನಲ್ಲಿ ಎಂದು ನಮ್ಮ ಅಂದಾಜು. ಅದೇ 10,000 ವಿದ್ಯಾರ್ಥಿಗಳು ಆರಾರು ಪತ್ರಿಕೆ ಬರೆದರೆ 60,000 ಉತ್ತರಪತ್ರಿಕೆ. ಒಬ್ಬರು ದಿನಕ್ಕೆ 40 ತಿದ್ದಿದರೆ ನೂರು ಜನಕ್ಕೆ ಹದಿನೈದು ದಿನದ ಕೆಲಸ. ಆ ನೂರು ಜನ ಎಲ್ಲಿದ್ದಾರೆ? ಕಾಯಂ ಅಧ್ಯಾಪಕರು ಕಡಿಮೆ. ಅತಿಥಿ ಉಪನ್ಯಾಸಕರ ಅವಧಿ ಸೆಮಿಸ್ಟರಿನೊಂದಿಗೇ ಮುಗಿದಿರುತ್ತದೆ, ಮೌಲ್ಯಮಾಪನ ಶುರುವಾಗುವುದು ಅದಾದ ಮೇಲೆ. ಆಂತರಿಕ ಅಂಕ ಕೊಟ್ಟವರೂ ಅವರೇ. ಅಪ್‌ಲೋಡ್ ಆಗದ ಒಂದು ಅಂಕಕ್ಕಾಗಿ ಇಲಾಖೆಯವರು ಫೋನು ಮಾಡಿದಾಗ ಆ ಉಪನ್ಯಾಸಕರು ಬೇರೆ ತಾಲ್ಲೂಕಿನಲ್ಲಿ ಟ್ಯೂಷನ್ ಹೇಳುತ್ತಿರಬಹುದು. ತಪ್ಪು ಅವರದಲ್ಲ. ಗುತ್ತಿಗೆ ಅಧ್ಯಾಪಕರು ಒಟ್ಟು ಹುದ್ದೆಗಳ ಶೇ. 10ನ್ನು ಮೀರಬಾರದು ಎಂದು ಯುಜಿಸಿಯ 2018ರ ನಿಯಮ ಹೇಳಿತ್ತು. ಒಂದು ಉಪನ್ಯಾಸಕ್ಕೆ 1,500 ರೂಪಾಯಿಯಂತೆ ತಿಂಗಳಿಗೆ 50,000ದವರೆಗೆ ಗೌರವಧನ ಕೊಡಬಹುದು ಎಂದು 2019ರಲ್ಲಿ ಅದೇ ಯುಜಿಸಿ ಸೂಚಿಸಿತು. ಈ ಎರಡು ಸಾಲುಗಳನ್ನು ನಿಮ್ಮ ಕಾಲೇಜಿನ ಸಿಬ್ಬಂದಿ ಕೊಠಡಿಯ ಪಕ್ಕ ಇಟ್ಟು ನೋಡಿ. 2023ರ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಬೀದಿಗೆ ಬಂದದ್ದೇಕೆ ಎಂದು ಬೇರೆ ಕೇಳಬೇಕಿಲ್ಲ.

ಹೊರದೇಶಗಳ ಮಾತಿಗೆ ಬರೋಣ. ಜಪಾನಿನ ಖಾಸಗಿ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ಶುಲ್ಕದ ಮೇಲೆ ಬದುಕುತ್ತವೆ, ವಿದ್ಯಾರ್ಥಿಗಳೇ ಹುಟ್ಟುತ್ತಿಲ್ಲ. 1992ರಲ್ಲಿ ಅಲ್ಲಿ ಹದಿನೆಂಟು ವರ್ಷದವರು 20 ಲಕ್ಷಕ್ಕಿಂತ ಹೆಚ್ಚಿದ್ದರು, ಈಗ ಅದರ ಅರ್ಧದಷ್ಟು. 2024ರಲ್ಲಿ ಶೇ. 59ರಷ್ಟು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಭರ್ತಿಯಾಗಲಿಲ್ಲ. ಕೊರಿಯಾದಲ್ಲಿ ಚೆರಿ ಹೂ ಅರಳುವ ಸಾಲಿನಲ್ಲೇ ವಿಶ್ವವಿದ್ಯಾಲಯಗಳು ಮುಚ್ಚುತ್ತವೆ ಎನ್ನುತ್ತಾರೆ. ಹೂ ಮೊದಲು ಅರಳುವುದು ದಕ್ಷಿಣದಲ್ಲಿ, ಸೋಲ್‌ನಿಂದ ದೂರದ ಊರುಗಳಲ್ಲಿ. ಬಾಗಿಲು ಮೊದಲು ಹಾಕುವುದೂ ಅಲ್ಲೇ.

ನೈಜೀರಿಯಾದ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಹಣ ಕೊಡುವುದು ಸರ್ಕಾರ. ಅಧ್ಯಾಪಕರ ಸಂಘದೊಂದಿಗೆ 2009ರಲ್ಲಿ ಮಾಡಿಕೊಂಡ ಒಪ್ಪಂದದ ಬಾಕಿಗಾಗಿ 2022ರ ಫೆಬ್ರುವರಿ 14ರಿಂದ ಅಕ್ಟೋಬರ್ 14ರವರೆಗೆ, ಸರಿಯಾಗಿ ಎಂಟು ತಿಂಗಳು, ಅಲ್ಲಿ ಪಾಠವೇ ನಡೆಯಲಿಲ್ಲ. ಅನುಕೂಲವಿದ್ದ ಮನೆಯ ಮಕ್ಕಳು ಬ್ರಿಟನ್ನಿನ ದಾರಿ ಹಿಡಿದರು. ನೀವು ಮಗಳನ್ನು ಕಳಿಸಬೇಕೆಂದಿರುವ ದಾರಿಯೂ ಅದೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಇಂಗ್ಲೆಂಡಿನಲ್ಲಿ ಸ್ವದೇಶಿ ಪದವಿ ವಿದ್ಯಾರ್ಥಿಯ ಶುಲ್ಕಕ್ಕೆ ಸರ್ಕಾರದ ಮಿತಿಯಿದೆ. 2012ರಲ್ಲಿ 9,000 ಪೌಂಡ್, 2017ರಲ್ಲಿ 9,250. ಆಮೇಲೆ 2025ರ ತನಕ ಅಲ್ಲೇ ನಿಂತಿತು. ಬೆಲೆಗಳು ನಿಲ್ಲಲಿಲ್ಲ. ಆ ಕೊರತೆಯನ್ನು ತುಂಬಿದ್ದು ಮಿತಿಯಿಲ್ಲದ ವಿದೇಶಿ ಶುಲ್ಕ, ಅದರಲ್ಲೂ ಒಂದು ವರ್ಷದ ಎಂ.ಎಸ್ಸಿ. 2023ರ ಜೂನ್‌ನಲ್ಲಿ ನೈಜೀರಿಯಾದ ಕರೆನ್ಸಿ ನೈರಾ ಕುಸಿಯಿತು. 2024ರ ಜನವರಿಯಿಂದ ಪಾಠಾಧಾರಿತ ಸ್ನಾತಕೋತ್ತರ ವಿದ್ಯಾರ್ಥಿಗಳು ಪತಿ, ಪತ್ನಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ ಎಂಬ ನಿಯಮ ಬಂತು. ಅರ್ಜಿಗಳು ಇಳಿದವು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯ 3.5 ಕೋಟಿ ಪೌಂಡ್ ಕೊರತೆಯಲ್ಲಿ ಸರ್ಕಾರದ ನೆರವು ಕೇಳಬೇಕಾಯಿತು, ಕಾರ್ಡಿಫ್ 2025ರ ಜನವರಿಯಲ್ಲಿ 400 ಹುದ್ದೆ ಕಡಿತದ ಪ್ರಸ್ತಾವ ಮುಂದಿಟ್ಟಿತು. ನಿಮ್ಮ ಸಾಲದ ಹಣ ಹೋಗಿ ಸೇರುವುದು ಇಂಥ ಲೆಕ್ಕಪುಸ್ತಕಕ್ಕೆ. ಒಳ್ಳೆಯ ವಿಭಾಗಗಳು ಅಲ್ಲಿ ಬೇಕಾದಷ್ಟಿವೆ, ಸಂಶಯವಿಲ್ಲ. ಆದರೂ ಏಜೆಂಟರ ಮಾತಿಗೆ ಸಹಿ ಹಾಕುವ ಮುನ್ನ ಎರಡು ಕಾಗದ ಕೇಳಿ ಪಡೆಯಿರಿ. ಇಂಗ್ಲೆಂಡಿನ ನೋಂದಾಯಿತ ಸಂಸ್ಥೆಯಾದರೆ ಅದರ ವಿದ್ಯಾರ್ಥಿ ರಕ್ಷಣಾ ಯೋಜನೆ: ಕೋರ್ಸು ನಡುವೆ ನಿಂತರೆ ಓದು ಮುಗಿಸಿಕೊಡುವುದು ಹೇಗೆ, ಶುಲ್ಕ ಮರಳಿಸುವುದು ಹೇಗೆ ಎಂಬುದು ಅದರಲ್ಲಿರುತ್ತದೆ. ಇನ್ನೊಂದು, ಆ ವಿಭಾಗದಲ್ಲಿ ಸದ್ಯ ಹುದ್ದೆ ಕಡಿತದ ಪ್ರಕ್ರಿಯೆ ನಡೆದಿದೆಯೇ ಎಂಬುದಕ್ಕೆ ಲಿಖಿತ ಉತ್ತರ. ಏಜೆಂಟರ ಕಮಿಷನ್ ವಿಶ್ವವಿದ್ಯಾಲಯದಿಂದಲೇ ಬರುವುದರಿಂದ ಈ ಎರಡನ್ನೂ ಅವರು ತಾವಾಗಿ ತಂದುಕೊಡುವುದಿಲ್ಲ.

ತಡೆಹಿಡಿದ ಫಲಿತಾಂಶಕ್ಕೆ ಈ ವಾರವೇ ಮಾಡಬೇಕಾದದ್ದು ಇದು. ಮಗಳು ಯುಯುಸಿಎಂಎಸ್‌ಗೆ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ಜಾಲತಾಣ) ಲಾಗಿನ್ ಆಗಿ ಆ ವಿಷಯದ ಆಂತರಿಕ ಅಂಕ ಕಾಣುತ್ತಿದೆಯೇ ನೋಡಲಿ. ಕಾಣದಿದ್ದರೆ ತಡೆ ಕಾಲೇಜಿನ ಮಟ್ಟದಲ್ಲೇ ಇದೆ: ವಿಭಾಗದಲ್ಲಿರುವ ಅಂಕಗಳ ಮೂಲ ಪಟ್ಟಿಯ ಪ್ರತಿ ತೆಗೆದುಕೊಂಡು ಪ್ರಾಂಶುಪಾಲರ ಪತ್ರದೊಂದಿಗೆ ಕುಲಸಚಿವರಿಗೆ (ಮೌಲ್ಯಮಾಪನ) ಕಳಿಸಬೇಕು. ಅಂಕ ಕಾಣುತ್ತಿದ್ದರೆ ತೊಂದರೆ ಸಾಮಾನ್ಯವಾಗಿ ಮೂರರಲ್ಲೊಂದು: ಹಾಜರಿದ್ದವರನ್ನು ಗೈರು ಎಂದು ದಾಖಲಿಸಿರುವುದು, ನೋಂದಣಿ ಸಂಖ್ಯೆ ತಪ್ಪಾಗಿರುವುದು, ವಿಷಯದ ಕೋಡ್ ಹೊಂದದಿರುವುದು. ಮೂರಕ್ಕೂ ಪುರಾವೆ ಒಂದೇ, ಪರೀಕ್ಷಾ ಕೊಠಡಿಯಲ್ಲಿ ಅವಳು ಸಹಿ ಮಾಡಿದ ಹಾಜರಿ ಪಟ್ಟಿ. ಕೇಂದ್ರದ ಮುಖ್ಯ ಅಧೀಕ್ಷಕರಿಂದ ಅದರ ಪ್ರತಿ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮರುಮೌಲ್ಯಮಾಪನದ ಗಡುವನ್ನು ತಡೆ ತೆರವಾದ ದಿನದಿಂದ ಎಣಿಸಬೇಕೆಂದು ಅದೇ ಅರ್ಜಿಯಲ್ಲಿ ಬರೆಯಿರಿ. ಇದನ್ನು ಮರೆತು ಅವಕಾಶ ಕಳೆದುಕೊಳ್ಳುವವರು ಬಹಳ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರಿಸಲೇಬೇಕು. ತಿದ್ದಿದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವರಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಎಂ.ಎಸ್ಸಿ.ಗೆ ಸಾಲವಿಲ್ಲದ ದಾರಿಯೂ ಇದೆ. ಭೌತಶಾಸ್ತ್ರದವರು ಐಐಟಿಗಳ ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಾದ ಜ್ಯಾಮ್ ಅನ್ನು ಪದವಿಯ ಕೊನೆಯ ವರ್ಷದಲ್ಲೇ ಬರೆಯಬಹುದು. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಶುರುವಾಗಿ ಪರೀಕ್ಷೆ ಫೆಬ್ರುವರಿಯಲ್ಲಿ ನಡೆಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬೇರೆ ಇದೆ. ಅತಿಥಿ ಉಪನ್ಯಾಸಕರಲ್ಲಿ ನೆಟ್ (ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾದವರು ಸಾಮಾನ್ಯವಾಗಿ ಇರುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಅವರ ಬಳಿ ಹೋಗಲು ಹೇಳಿ. ಐಐಟಿ, ಕೇಂದ್ರೀಯ ವಿಶ್ವವಿದ್ಯಾಲಯ ಎರಡೂ ಕಡೆ ಪ್ರವೇಶದ ಹೊತ್ತಿಗೆ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಕೇಳುತ್ತಾರೆ, ಹಾಗಾಗಿ ಆ ತಡೆಹಿಡಿದ ಫಲಿತಾಂಶದ ಅರ್ಜಿಯನ್ನು ಸೋಮವಾರವೇ ಕೊಡಿ.