ನಮಗೆ ಕಾಣುವ ನಕ್ಷತ್ರಗಳೆಲ್ಲ ಎಂದೋ ಸತ್ತುಹೋಗಿವೆಯಾ?

ರಾತ್ರಿ ಕಾಣುವ ನಕ್ಷತ್ರಗಳಲ್ಲಿ ಹೆಚ್ಚಿನವು ಈಗಾಗಲೇ ಸತ್ತಿವೆ, ನಮಗೆ ಕಾಣುವುದು ಅವುಗಳ ಹಳೇ ಬೆಳಕು ಅನ್ನುತ್ತಾರಲ್ಲ, ಅದು ನಿಜವೇ ಎಂದು ಕೇಳಿದ್ದೀರಿ. ಬೆಳಕು ಹಳೆಯದು, ನಿಜ. ಸತ್ತಿವೆ ಅನ್ನುವುದು ಸುಮ್ನೆ ಹಬ್ಬಿದ ಮಾತು.

ಜ್ಯೋತಿರ್ವರ್ಷ ಎಂದರೆ ಕಾಲವಲ್ಲ, ದೂರ. ಬೆಳಕು ಒಂದು ವರ್ಷದಲ್ಲಿ ಸಾಗುವಷ್ಟು, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಲುಬ್ಧಕ (ಸಿರಿಯಸ್) ಎಂಬ ನಕ್ಷತ್ರ ನಮ್ಮಿಂದ 8.6 ಜ್ಯೋತಿರ್ವರ್ಷ ದೂರ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಬಹುತೇಕ ಕೆಲವು ಸಾವಿರ ಜ್ಯೋತಿರ್ವರ್ಷದ ಒಳಗೇ ಇವೆ. ಅಂದರೆ ನಮಗೆ ತಲುಪುವ ಸುದ್ದಿ ಅಷ್ಟೇ ಸಾವಿರ ವರ್ಷ ಹಳೆಯದು. ಅವುಗಳ ಆಯಸ್ಸು? ಸೂರ್ಯನಂಥದ್ದಕ್ಕೆ ಸುಮಾರು 1000 ಕೋಟಿ ವರ್ಷ. ದೈತ್ಯ ನಕ್ಷತ್ರಗಳು ಇಂಧನವನ್ನು ದುಂದು ಮಾಡಿ ಬೇಗ ಸಾಯುತ್ತವೆ, ಆದರೂ ಹತ್ತಾರು ಲಕ್ಷ ವರ್ಷ ಬಾಳುತ್ತವೆ. ಅಷ್ಟುದ್ದದ ಬದುಕಿನ ಕೊನೆ ಸರಿಯಾಗಿ ಈ ಸಣ್ಣ ಅವಧಿಯಲ್ಲೇ ಬರುವುದು ತುಂಬಾ ಅಪರೂಪ, ಅಲ್ವಾ?

ಅನುಮಾನ ಪಡಬಹುದಾದದ್ದು ಆರ್ದ್ರಾ (ಬೀಟಲ್‌ಜ್ಯೂಸ್), ಅಂದರೆ ಮಹಾವ್ಯಾಧ (ಓರಿಯನ್) ಎಂಬ ನಕ್ಷತ್ರಪುಂಜದ ಬೇಟೆಗಾರನ ಭುಜದ ಕೆಂಪು ನಕ್ಷತ್ರ. ಅದಕ್ಕೆ ಮುಪ್ಪು ಬಂದಿದೆ, ಮುಂದೆ ಸಿಡಿಯಲಿದೆ. 2019ರ ಕೊನೆಯಲ್ಲಿ ಅದು ಮಂಕಾದಾಗ ಎಷ್ಟೋ ಜನ ಕಾದು ಕೂತಿದ್ದರು. ಅದೇ ಉಗುಳಿದ ಧೂಳು ಅಡ್ಡ ಬಂದಿತ್ತು, ಅಷ್ಟೇ!