ತಂದೆಯನ್ನು ಕಳೆದುಕೊಂಡ ಮೇಲೆ ಮೂಡಿದ ಉದ್ಯೋಗದ ಪ್ರಶ್ನೆ

(ಗುರುತು ಸಿಗದಂತೆ ಹೆಸರನ್ನೂ ಕುಟುಂಬದ ವಿವರಗಳನ್ನೂ ಬದಲಾಯಿಸಲಾಗಿದೆ.)

ಶಾರದಾ ಅವರಿಗೆ ಮೂವತ್ತೊಂದು ವರ್ಷ. ಎಂ.ಕಾಂ. ಮುಗಿಸಿ, ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡೆಯಿಂದ ದಿನವೂ ರೈಲಿನಲ್ಲಿ ಮಂಗಳೂರಿಗೆ ಹೋಗಿ ಆಸ್ಪತ್ರೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುತ್ತಿದ್ದಾರೆ. ಪಾರ್ಶ್ವವಾಯುವಿನಿಂದ ಮಲಗಿದಲ್ಲೇ ಆದ ತಂದೆಯನ್ನು ಮನೆಯಲ್ಲಿ ನೋಡಿಕೊಳ್ಳಲು ಸಾಧ್ಯವಾಗದೆ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದ್ದರು. ಅಲ್ಲಿ ಅವರಿಗೆ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣಾಗಿ, ಅದು ಮಾಯುವ ಮೊದಲೇ ತೀರಿಕೊಂಡರು. ಇರುವ ಕೆಲಸ ಬಿಟ್ಟು ವೃದ್ಧರ ದೀರ್ಘಕಾಲೀನ ಆರೈಕೆ ಕೇಂದ್ರದ ಆಡಳಿತಕ್ಕೆ ಇಳಿಯಬಹುದೇ ಎಂಬ ಪ್ರಶ್ನೆಯೊಂದಿಗೆ ಅವರು ಉದ್ಯೋಗ ಸಲಹೆಗಾರ್ತಿಯಾದ ನನ್ನಲ್ಲಿಗೆ ಬಂದರು. ಗಲ್ಫಿನಲ್ಲಿರುವ ಅಣ್ಣ, ತರವಾಡು ಮನೆ (ಕುಟುಂಬದ ಮೂಲಮನೆ) ಖಾಲಿ ಬಿದ್ದಿದೆ, ಅಲ್ಲೇ ವೃದ್ಧಾಶ್ರಮ ಶುರುಮಾಡು, ಹಣ ನಾನು ಕೊಡುತ್ತೇನೆ ಎಂದಿದ್ದರಂತೆ. ಅಮ್ಮನ ಮಾತು ಬೇರೆ: "ಇನ್ನೊಬ್ಬರ ಮನೆಯ ಮುದುಕರನ್ನು ನೋಡಿಕೊಳ್ಳಲಿಕ್ಕಾ ನಿನ್ನನ್ನು ಇಷ್ಟು ಓದಿಸಿದ್ದು?"

ಮೊದಲ ಭೇಟಿಯಲ್ಲಿ ಉದ್ಯೋಗದ ಮಾತು ಹೆಚ್ಚು ಮುಂದುವರಿಯಲಿಲ್ಲ. ಶಾರದಾ ಮತ್ತೆ ಮತ್ತೆ ಒಂದು ಕಾಗದದ ಬಗ್ಗೆ ಹೇಳಿದರು. ಮಲಗಿದಲ್ಲೇ ಇರುವವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಬದಲಿಸಿದವರು ಸಮಯ ಬರೆದು ಸಹಿ ಹಾಕಬೇಕು. ತಂದೆಯ ಮಂಚಕ್ಕೆ ತೂಗುಹಾಕಿದ್ದ ಆ ಪಟ್ಟಿಯಲ್ಲಿ ಹನ್ನೆರಡು, ಎರಡು, ನಾಲ್ಕು, ಆರು ಗಂಟೆಯ ಸಹಿಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದರ ಬಾಲ ಇನ್ನೊಂದಕ್ಕೆ ತಾಗುವಂತೆ, ಒಂದೇ ಉಸಿರಿಗೆ ಬರೆದ ಹಾಗಿದ್ದವು. ಆ ಹೋಮ್‌ನರ್ಸನ್ನು ಕ್ಷಮಿಸಲು ತನ್ನಿಂದಾಗುವುದಿಲ್ಲ ಎಂದರು.

ಅವರ ಸಿಟ್ಟು ನ್ಯಾಯವಾದದ್ದೇ. ಆದರೂ, ಆ ರಾತ್ರಿ ಆಕೆಯೊಬ್ಬಳ ಪಾಲಿಗೆ ಎಷ್ಟು ಮಂದಿ ಇದ್ದರು ಎಂದು ಕೇಳಿದೆ. ಬಹಳ ಹೊತ್ತಿನ ನಂತರ, "ಎರಡು ಮಹಡಿಗೂ ಅವಳೊಬ್ಬಳೇ ಇದ್ದದ್ದು, ಮೇಡಂ" ಎಂದರು. ನೀವು ಅಲ್ಲಿನ ಮ್ಯಾನೇಜರ್ ಆಗಿದ್ದರೆ ಎರಡನೆಯವಳ ಸಂಬಳವನ್ನು ಎಲ್ಲಿಂದ ತರುತ್ತಿದ್ದಿರಿ ಎಂದು ಕೇಳಿ, ಅದರ ಉತ್ತರವನ್ನು ಮುಂದಿನ ಭೇಟಿಗೆ ಬರೆದು ತರುವಂತೆ ಹೇಳಿದೆ. ಈ ವೃತ್ತಿಯಲ್ಲಿ ದಿನವೂ ಎದುರಾಗುವ ಪ್ರಶ್ನೆ ಅದೇ ಎಂದು ನಾನು ತಿಳಿದಿದ್ದೇನೆ. ಶುಲ್ಕ ಏರಿಸಿದರೆ ಮನೆಯವರಿಗೆ ಭಾರ, ಸಂಬಳ ಇಳಿಸಿದರೆ ಒಳ್ಳೆಯ ಕೆಲಸಗಾರರು ನಿಲ್ಲುವುದಿಲ್ಲ, ಕೈ ಕಡಿಮೆಯಾದರೆ ಹುಣ್ಣು.

ಎರಡನೆಯ ಭೇಟಿಗೆ ಅವರು ತಂದ ಲೆಕ್ಕ ಬಹಳ ಚೆನ್ನಾಗಿತ್ತು. ರಾತ್ರಿ ಪಾಳಿ, ವಾರದ ರಜೆ, ಅಡುಗೆಯವರು, ಬಟ್ಟೆ ಒಗೆತ, ಡೈಪರ್ ಯಾವುದನ್ನೂ ಬಿಟ್ಟಿರಲಿಲ್ಲ. ಆರೈಕೆಯ ಮನಸ್ಸಿರುವವರು ನಮ್ಮೂರಲ್ಲಿ ಸಾಕಷ್ಟು ಸಿಗುತ್ತಾರೆ, ಹೀಗೆ ಲೆಕ್ಕ ಹಾಕಬಲ್ಲವರು ಅಪರೂಪ ಎಂದು ಅವರಿಗೆ ಒತ್ತಿ ಹೇಳಿದೆ. ಕನ್ನಡ, ತುಳು, ಮಲಯಾಳಂ ಮೂರೂ ಬರುವುದು ಇನ್ನೊಂದು ಬಲ. ಮರೆವಿನ ಕಾಯಿಲೆ ಬಲಿತವರು ಆಮೇಲೆ ಕಲಿತ ಭಾಷೆಯನ್ನು ಕಳೆದುಕೊಂಡು ಮನೆಮಾತಿಗೆ ಮರಳುವುದುಂಟು, ನೋವಿದೆ ಎಂದದ್ದು ಪಕ್ಕದವರಿಗೆ ತಿಳಿಯದಿದ್ದರೆ ಔಷಧವೂ ಸಿಗುವುದಿಲ್ಲ.

ಅಣ್ಣನ ಸಲಹೆಯನ್ನು ಸದ್ಯಕ್ಕೆ ಬದಿಗಿಡಲು ಹೇಳಿದೆ. 2011ರ ಜನಗಣತಿಯಂತೆ ಕೇರಳದಲ್ಲಿ ಅರವತ್ತು ದಾಟಿದವರು ಶೇ. 12.6, ದೇಶದಲ್ಲೇ ಅತಿ ಹೆಚ್ಚು; ಬೇಡಿಕೆ ಇದೆ ಎಂಬ ಅವರ ಮಾತು ನಿಜ. ಆದರೆ ವೃದ್ಧಾಶ್ರಮಕ್ಕೆ ಅನಾಥಾಲಯ ಮತ್ತು ಇತರ ಧರ್ಮಾರ್ಥ ಗೃಹಗಳ 1960ರ ಕಾಯ್ದೆಯಡಿ ನಿಯಂತ್ರಣ ಮಂಡಳಿಯ ಮಾನ್ಯತೆ ಬೇಕು, ನಡುರಾತ್ರಿ ಉಸಿರು ಕಟ್ಟಿದವರನ್ನು ಯಾವ ಆಸ್ಪತ್ರೆಗೆ ಒಯ್ಯುವುದೆಂಬ ಖಚಿತ ಏರ್ಪಾಡು ಬೇಕು. 2020ರಲ್ಲಿ ಕೋವಿಡ್‌ನಿಂದಾಗಿ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡನ್ನು ಕಂಡವರು ಇದನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಅನುಭವವಿಲ್ಲದೆ ಕುಟುಂಬದ ಹಣ ಹಾಕಿ ಇಳಿದರೆ, ಸೋತಾಗ ಬೀದಿಗೆ ಬೀಳುವವರು ಅಲ್ಲಿ ಸೇರಿದ ವೃದ್ಧರು.

ನಾನು ಕೊಟ್ಟ ಸಲಹೆ ಇಷ್ಟು. ತಂದೆ ತೀರಿಕೊಂಡು ವರ್ಷ ತುಂಬುವವರೆಗೆ ರಾಜೀನಾಮೆ ಬೇಡ, ಏಕೆಂದರೆ ತಪ್ಪಿತಸ್ಥ ಭಾವದಿಂದ ಹಿಡಿದ ಕೆಲಸದಲ್ಲಿ ಪ್ರತಿಯೊಂದು ಸಾವೂ ತಂದೆಯ ಸಾವೇ ಆಗಿ ಕಾಡೀತು. ಅಲ್ಲಿಯವರೆಗೆ ರಜಾದಿನಗಳಲ್ಲಿ ಪಂಚಾಯತಿನ ಪಾಲಿಯೇಟಿವ್ (ತೀವ್ರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ) ತಂಡದೊಂದಿಗೆ ಮನೆಮನೆಗೆ ಹೋಗಬೇಕು. ಸಾಧ್ಯವಾದರೆ ಯಾವುದಾದರೂ ಕೇಂದ್ರದಲ್ಲಿ ಒಪ್ಪಿಗೆ ಪಡೆದು ಒಂದು ಪೂರ್ತಿ ರಾತ್ರಿ ಪಾಳಿಯಲ್ಲಿ ಜೊತೆಗಿದ್ದು ನೋಡಬೇಕು. ಆಮೇಲೂ ಮನಸ್ಸು ಗಟ್ಟಿಯಿದ್ದರೆ ಮೊದಲು ಸಹಾಯಕ ಮ್ಯಾನೇಜರ್ ಆಗಿ ಇನ್ನೊಬ್ಬರ ಕೈಕೆಳಗೆ ಸೇರಬೇಕು. ಓದು ಬೇಕೆನಿಸಿದರೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲೂ ಮಂಗಳೂರಿನ ರೋಶನಿ ನಿಲಯದಲ್ಲೂ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಇದೆ, ಆದರೆ ಅದು ಆ ರಾತ್ರಿ ಪಾಳಿಯ ನಂತರದ ಮಾತು.

ಶಾರದಾ ಈಗ ಪಾಲಿಯೇಟಿವ್ ತಂಡದೊಂದಿಗೆ ಹೋಗುತ್ತಿದ್ದಾರೆ, ಕೆಲಸ ಬಿಟ್ಟಿಲ್ಲ. ಮುಂದಿನ ಭೇಟಿಗೆ ಅಮ್ಮನನ್ನೂ ಕರೆತರಲು ಹೇಳಿದ್ದೇನೆ. ಗಂಡನನ್ನು ಕೇಂದ್ರಕ್ಕೆ ಸೇರಿಸಿದ್ದರ ಬಗ್ಗೆ ಆ ತಾಯಿ ಮಗಳೊಡನೆ ಇದುವರೆಗೆ ಒಂದು ಮಾತೂ ಆಡಿಲ್ಲವಂತೆ, ಉದ್ಯೋಗದ ನಿರ್ಧಾರಕ್ಕೆ ಮೊದಲು ಆ ಮಾತು ಆಗಬೇಕಾಗಿದೆ.