‘ಬಸವರಾಜ’ ಲೇಖನ ಕಳುಹಿಸಿದವರಿಗೆ

ಮಾನ್ಯರೇ,

‘ಬಸವರಾಜ: ಹೆಸರಿನ ಮೂಲ, ಅರ್ಥ, ಜನಪ್ರಿಯತೆ’ ಎಂಬ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ‘ವಿಷಾದವಿದೆ’ ಎಂಬ ಅಚ್ಚು ಹಾಕಿದ ಚೀಟಿ ಅಂಟಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಿಮ್ಮ ಕೊನೆಯ ಪುಟದ ಒಂದು ವಾಕ್ಯ ಹಾಗೆ ಮಾಡಲು ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕತ್ತರಿಯ ಕೆಲಸ. ಅದೃಷ್ಟ ಸಂಖ್ಯೆ, ಶುಭ ಬಣ್ಣ, ಈ ಹೆಸರಿನವರು ‘ಹುಟ್ಟು ನಾಯಕರು, ಆದರೆ ಮುಂಗೋಪಿಗಳು’ ಎಂಬ ಭವಿಷ್ಯ ಇರುವ ಪುಟ ಪೂರ್ತಿ ಹೋಗಲಿ. ನಾನು ಬಲ್ಲ ಬಸವರಾಜರಲ್ಲಿ ಮುಂಗೋಪಿಗಳೂ ಇದ್ದಾರೆ, ಬೈದರೂ ನಗುತ್ತಲೇ ಇರುವವರೂ ಇದ್ದಾರೆ. ‘ಇಂದಿಗೂ ಕರ್ನಾಟಕದಲ್ಲಿ ಅತಿ ಹೆಚ್ಚು ಗಂಡುಮಕ್ಕಳಿಗೆ ಇಡುವ ಹೆಸರು’ ಎಂದೂ ಬರೆದಿದ್ದೀರಿ. ಎಣಿಸಿದವರು ಯಾರು? ಇಂಥ ಮಾತಿಗೆಲ್ಲ ಕೋಲೆಬಸವನಂತೆ ತಲೆಯಾಡಿಸುವುದು ನನ್ನಿಂದಾಗದು. ನಿಮ್ಮೂರಿನ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಹಳೆಯ ದಾಖಲಾತಿ ರಿಜಿಸ್ಟರ್ ತೆರೆಯಿರಿ. 1960ರ ಪುಟದಲ್ಲಿ ಎಷ್ಟು ಮಂದಿ ಬಸಪ್ಪ, ಬಸವಣ್ಣೆಪ್ಪ, ಚನ್ನಬಸಪ್ಪ, ಬಸವರಾಜ? ಈ ವರ್ಷದ ಪುಟದಲ್ಲಿ ಎಷ್ಟು ಮಂದಿ? ಒಂದೇ ಊರಿನ ಲೆಕ್ಕವಾದರೂ ಅದು ಲೆಕ್ಕ.

ಅರ್ಥದ ಭಾಗಕ್ಕೆ ಬರೋಣ. ವೃಷಭದ ತದ್ಭವ ಬಸವ ಎಂದಿದ್ದೀರಿ, ಸರಿ, ಶಾಲೆಯ ವ್ಯಾಕರಣದಲ್ಲೇ ಇದೆ. ಅಲ್ಲಿಂದ ಒಂದೇ ನೆಗೆತಕ್ಕೆ ‘ಎತ್ತುಗಳ ಅರಸ ಎಂದರ್ಥ’ ಎಂದು ಷರಾ ಬರೆದು ಮುಗಿಸಿದ್ದೀರಿ. ಎತ್ತುಗಳ ಅರಸನಾಗಲಿ ಎಂದು ಹರಸಿ ಮಗನಿಗೆ ಈ ಹೆಸರಿಟ್ಟ ತಂದೆಯನ್ನು ನೀವು ಕಂಡಿದ್ದೀರಾ? ಬಾಗಲಕೋಟೆ, ವಿಜಯಪುರದ ಕಡೆ ಹೆಸರಿಡುವವರ ಮನಸ್ಸಿನಲ್ಲಿರುವವರು ಬಾಗೇವಾಡಿಯಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡು, ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು. ಹಳೆ ಮೈಸೂರಿನ ಹಳ್ಳಿಯಲ್ಲಿ ಬಸವಣ್ಣ ಎಂದರೆ ಎಷ್ಟೋ ಸಲ ಊರ ಗುಡಿಯಲ್ಲಿ ಕುಳಿತ ಕಲ್ಲಿನ ನಂದಿ. ಹರಕೆ ಹೊತ್ತು ಮಗು ಹುಟ್ಟಿದರೆ ಆ ದೇವರ ಹೆಸರು. ಬೆಂಗಳೂರಿನ ಬಸವನಗುಡಿಗೆ ಹೆಸರು ಕೊಟ್ಟಿದ್ದೂ ಕಡಲೆಕಾಯಿ ಪರಿಷೆಯ ಆ ದೊಡ್ಡ ಬಸವನೇ ಹೊರತು ವಚನಕಾರರಲ್ಲ. ಎರಡೂ ಕಡೆ ಬೇರು ನಂದಿಯಲ್ಲೇ ಇದೆ ಎಂಬುದು ನಿಜ. ಬಸವಣ್ಣನವರ ತಾಯಿ ಮಾದಲಾಂಬೆ ನಂದಿಯನ್ನು ಪೂಜಿಸಿ ಮಗನನ್ನು ಪಡೆದರು ಎಂದು ಪುರಾಣಗಳು ಹೇಳುತ್ತವೆ. ಆದರೆ ಉತ್ತರದಲ್ಲಿ ಮನುಷ್ಯ ದೇವರನ್ನು ಮೀರಿ ಬೆಳೆದರು, ದಕ್ಷಿಣದ ಗುಡಿಗಳಲ್ಲಿ ದೇವರು ತನ್ನ ಪಾಡಿಗೆ ಕುಳಿತೇ ಇದ್ದಾನೆ. ನೀವು ಒಂದೇ ವಾಕ್ಯದಲ್ಲಿ ದಾಟಿದ ಈ ಜಾಗದಲ್ಲಿ ಎರಡು ಪುಟದ ಸರಕಿದೆ.

ಎರಡು ತಪ್ಪುಗಳನ್ನಂತೂ ತಿದ್ದಲೇಬೇಕು. ‘ರಾಜ ಎಂಬುದನ್ನು ಬ್ರಿಟಿಷರ ಕಾಲದ ಗುಮಾಸ್ತರು ಸೇರಿಸಿದರು’ ಎಂದಿದ್ದೀರಿ. ಹರಿಹರ ಕವಿ ಬರೆದ ರಗಳೆಯ ಹೆಸರೇ ‘ಬಸವರಾಜದೇವರ ರಗಳೆ’. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕೆಳದಿಯನ್ನು ಆಳಿದ, ‘ಶಿವತತ್ತ್ವರತ್ನಾಕರ’ದ ಕರ್ತೃವಾದ ದೊರೆಯೂ ಬಸವರಾಜನೇ. ಗುಮಾಸ್ತರನ್ನು ಪಾಪ, ಬಿಟ್ಟುಬಿಡಿ.

ಇನ್ನೊಂದು, ಇದು ‘ಒಂದೇ ಸಮುದಾಯದ ಹೆಸರು’ ಎಂಬ ಮಾತು. ಮಂಡ್ಯ, ಹಾಸನದ ಬಸವೇಗೌಡರು ಎಲ್ಲಿಗೆ ಹೋಗಬೇಕು? ದೇವರಾಜ ಅರಸರ ಸಂಪುಟದಲ್ಲಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು? 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದು ಹೇಳಿ ನಾಡನ್ನೇ ಅಲುಗಾಡಿಸಿದವರು ಅವರು. (ಬೂಸಾದ ಮಾತು ಬಸವನ ಹೆಸರಿನವರಿಂದಲೇ ಬಂದದ್ದು ಕಾಕತಾಳೀಯ, ಆದರೆ ಬರಹಗಾರನ ಕಣ್ಣಿಗೆ ಬೀಳಬೇಕಾದ ಕಾಕತಾಳೀಯ.)

ಪ್ರಸಿದ್ಧರ ಪಟ್ಟಿಯಲ್ಲಿ ಗಾಯಕ ಬಸವರಾಜ ರಾಜಗುರು, ಕಾದಂಬರಿಕಾರ ಬಸವರಾಜ ಕಟ್ಟೀಮನಿ, ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಇದ್ದಾರೆ. ಸಾಲಾಗಿ ನಿಲ್ಲಿಸಿದರೆ ಪ್ರಯೋಜನವಿಲ್ಲ, ಒಬ್ಬರು ಸಾಕು. ನಾನಾಗಿದ್ದರೆ ನೀವು ಬಿಟ್ಟ ಬಿ.ಡಿ. ಜತ್ತಿಯವರನ್ನು ಆರಿಸುತ್ತಿದ್ದೆ. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದ ಅವರ ಆ ‘ಬಿ’ ಬಸಪ್ಪ. ಮನೆಯಲ್ಲಿ ಬಸಪ್ಪ, ಕಚೇರಿಯ ಫಲಕದಲ್ಲಿ ಒಂದೇ ಅಕ್ಷರ! ಇಂಥ ‘ಬಿ’ಗಳು ನಿಮ್ಮ ತಾಲ್ಲೂಕಿನಲ್ಲೇ ಎಷ್ಟಿವೆಯೋ.

ಈಗ ಆ ವಾಕ್ಯ. ‘ಮಗನಿಗೆ ನನ್ನ ಅಪ್ಪನ ಹೆಸರನ್ನೇ ಇಟ್ಟಿದ್ದರಿಂದ ನನ್ನ ಹೆಂಡತಿ ಅವನನ್ನು ಒಂದು ದಿನವೂ ಬಸವರಾಜ ಎಂದು ಕರೆದಿಲ್ಲ.’ ಇಷ್ಟು ಬರೆದು, ಕೆಳಗೆ ‘ಮುಕ್ತಾಯ’ ಎಂದು ಹಾಕಿದ್ದೀರಿ. ಅಲ್ಲ ಸ್ವಾಮಿ, ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿ. ಅಜ್ಜನ ಹೆಸರು ಮೊಮ್ಮಗನಿಗೆ, ಮಾವನ ಹೆಸರು ಸೊಸೆಯ ಬಾಯಿಗೆ ನಿಷಿದ್ಧ. ಈ ಎರಡು ಪದ್ಧತಿಗಳು ಒಂದು ಮಗುವಿನ ಮೇಲೆ ಬಂದು ಕೂತಿವೆ. ಹಾಗಾದರೆ ಅವರು ಏನೆಂದು ಕರೆಯುತ್ತಾರೆ? ಅಪ್ಪಾಜಿ ಎಂದೋ, ಮುತ್ಯಾ ಎಂದೋ, ರಾಜು ಎಂದೋ? ಸಿಟ್ಟು ಬಂದಾಗ? ಆಸ್ಪತ್ರೆಯ ಚೀಟಿ ಮಾಡಿಸುವಾಗ ಕಿಟಕಿಯಾಚೆಯವರು ಮಗುವಿನ ಹೆಸರು ಕೇಳಿದರೆ ಅವರೇ ಹೇಳುತ್ತಾರೋ, ನಿಮ್ಮ ಕಡೆ ನೋಡುತ್ತಾರೋ? ತೊಟ್ಟಿಲಿಗೆ ಹಾಕಿದ ದಿನ ಮಗುವಿನ ಕಿವಿಯಲ್ಲಿ ಹೆಸರು ಉಸುರಿದ ಸೋದರತ್ತೆ ಯಾರು, ಅವರ ಬೆನ್ನಿಗೆ ಗುದ್ದಿದವರು ಯಾರು, ಆಗ ನಿಮ್ಮ ತಂದೆ ಎಲ್ಲಿ ಕುಳಿತಿದ್ದರು? ನಿಮ್ಮ ಹೆಂಡತಿಯವರನ್ನೇ ಕೇಳಿ ಬರೆಯಿರಿ. ಅವರು ಒಪ್ಪದಿದ್ದರೆ ಬರೆಯಬೇಡಿ.

ಎಂಟುನೂರು ಪದ ಮೀರದಿರಲಿ. ಹರಿಹರ, ಕೆಳದಿ, ನಂದಿ ಎಲ್ಲವೂ ಬರಲಿ, ಆದರೆ ಆ ತೊಟ್ಟಿಲಿನ ಸುತ್ತಲೇ ಬರಲಿ. ಶೀರ್ಷಿಕೆಯನ್ನು ನನಗೆ ಬಿಡಿ. ಮುಂದಿನ ತಿಂಗಳ ಹತ್ತನೆಯ ತಾರೀಖಿನೊಳಗೆ ಕೈಸೇರಿದರೆ ಯುಗಾದಿ ಸಂಚಿಕೆಯಲ್ಲಿ ಜಾಗವಿದೆ.

ಇಂತಿ,
ಸಂಪಾದಕ